ಬ್ರೆಜಿಲ್‌ನ ಮಂಜು, ಬಾಬಾಬುಡನ್‌ಗಿರಿಯ ಮಂಜು

(ಲೋಕದ ಸುದ್ದಿ ಕನ್ನಡಕ್ಕೆ ಬರುವಾಗ ಪದಗಳು ಹೇಗೆ ಜಾರುತ್ತವೆ ಎಂಬ ಬಗ್ಗೆ ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ವಾಕ್ಯದಿಂದಲೇ ಶುರು ಮಾಡೋಣ. ‘ಬ್ರೆಜಿಲ್‌ನಲ್ಲಿ ಭಾರೀ ಮಂಜು: ಕಾಫಿ ಬೆಳೆ ನಾಶ, ದರ ಏರಿಕೆ.’ ಉದಾಹರಣೆಗೆಂದು ನಾನೇ ಕಟ್ಟಿದ ಸಾಲು ಇದು. ಆದರೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಂಥದ್ದೊಂದು ನಿಮ್ಮ ಮೊಬೈಲಿಗೆ ಬಂದೇ ಬರುತ್ತದೆ. ಈಗ ಹೇಳಿ, ಈ ಊರಿನಲ್ಲಿ ಮಂಜು ಅಂದರೆ ಏನು? ಮುಳ್ಳಯ್ಯನಗಿರಿಯ ತಿರುವಿನಲ್ಲಿ ಮುಂದಿನ ಗಾಡಿ ಕಾಣದ ಹಾಗೆ ಮಾಡುತ್ತದಲ್ಲ, ಅದು. ಮಳೆಗಾಲದಲ್ಲಿ ಬಿಡದೆ ಹಿಡಿದರೆ ಕೊಳೆರೋಗಕ್ಕೆ ಅನುಕೂಲ ಮಾಡಿಕೊಟ್ಟೀತು, ಅಷ್ಟೆ. ಒಂದೇ ರಾತ್ರಿಯಲ್ಲಿ ತೋಟ ಸುಡುವುದಿಲ್ಲ.

ಬ್ರೆಜಿಲ್‌ನಲ್ಲಿ ಆಗುವುದು ಬೇರೆ. ಇಂಗ್ಲಿಷಿನಲ್ಲಿ ಅದಕ್ಕೆ ಫ್ರಾಸ್ಟ್ ಅನ್ನುತ್ತಾರೆ. ಮೋಡವೂ ಇಲ್ಲದ, ಗಾಳಿಯೂ ಇಲ್ಲದ ರಾತ್ರಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ಅದು ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಕೂರುತ್ತದೆ. ಎಲೆಯ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ. ಮಾರನೆ ದಿನ ಬಿಸಿಲೇರಿದ ಮೇಲೆ ನೋಡಿದರೆ ಗಿಡ ಬೆಂಕಿಗೆ ಹಿಡಿದ ಹಾಗೆ ಕಪ್ಪಾಗಿರುತ್ತದೆ. 1975ರ ಜುಲೈನಲ್ಲಿ ಪರಾನಾ ರಾಜ್ಯದಲ್ಲಿ ಹೀಗಾದಾಗ ‘ಕಪ್ಪು ಫ್ರಾಸ್ಟ್’ ಎಂದೇ ಅದಕ್ಕೆ ಹೆಸರು ಬಿತ್ತು. ಆಮೇಲೆ 1977ರಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕಾಫಿ ದರ ಪೌಂಡಿಗೆ 3 ಡಾಲರ್ ದಾಟಿತು. 2021ರ ಜುಲೈನಲ್ಲಿ ಮಿನಾಸ್ ಜೆರೈಸ್ ಕಡೆ ಮತ್ತೆ ಬಿತ್ತು.

ಇದಕ್ಕೆ ಕನ್ನಡದಲ್ಲಿ ಏನು ಹೇಳಬೇಕು? ‘ಮಂಜು’ ಅಂದರೆ ಓದುಗರಿಗೆ ಗಿರಿಯ ಮಂಜು ಕಾಣುತ್ತದೆ. ‘ಹಿಮಪಾತ’ ಅಂದರೆ ಕಾಶ್ಮೀರ ಕಾಣುತ್ತದೆ. ‘ಇಬ್ಬನಿ ಹೆಪ್ಪುಗಟ್ಟುವ ಚಳಿ’ ಅಂದರೆ ವಿಷಯ ಗೊತ್ತಾಗುತ್ತದೆ, ಆದರೆ ಶೀರ್ಷಿಕೆಯಲ್ಲಿ ಅಷ್ಟು ಜಾಗ ಇರುವುದಿಲ್ಲ. ಎರಡಕ್ಷರದ ‘ಮಂಜು’ ಗೆಲ್ಲುತ್ತದೆ.

‘ಬೆಳೆ ನಾಶ’ ಎಂಬುದನ್ನೂ ನೋಡಿ. ಬ್ರೆಜಿಲ್‌ನಲ್ಲಿ ಕೊಯ್ಲು ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ಜುಲೈನಲ್ಲಿ ಚಳಿ ಬಿದ್ದರೆ ಆ ವರ್ಷದ ಹಣ್ಣು ಬಹುಪಾಲು ಕಣಕ್ಕೆ ಬಂದಿರುತ್ತದೆ, ಇಲ್ಲವೇ ಕೊಯ್ಲಿಗೆ ಸಿದ್ಧವಾಗಿರುತ್ತದೆ. ಸುಟ್ಟುಹೋಗುವುದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೂ ಬಿಡಬೇಕಾದ ರೆಕ್ಕೆಗಳು, ಅಂದರೆ ಗಿಡದ ಅಡ್ಡ ಕೊಂಬೆಗಳು. ಅಂದರೆ ಏಟು ಮುಂದಿನ ವರ್ಷದ ಫಸಲಿಗೆ. ಮೂಲ ವರದಿಯಲ್ಲಿ ‘ಮುಂದಿನ ಹಂಗಾಮಿನ’ ಎಂದು ಇದ್ದೇ ಇರುತ್ತದೆ. ಅನುವಾದದಲ್ಲಿ ಮೊದಲು ಉದುರುವ ಪದ ಅದೇ.

ಈ ಹೊತ್ತು ಕಾಫಿ ಕೃಷಿಯ ಬಗ್ಗೆ ಮಾತಾಡಲು ಬಂದಿಲ್ಲ. ಲೋಕದ ರಾಜಕೀಯ ಕನ್ನಡಕ್ಕೆ ಬರುವಾಗ ಯಾವ ಪದದಲ್ಲಿ, ಯಾವ ಪ್ರತ್ಯಯದಲ್ಲಿ ಜಾರುತ್ತದೆ ಎಂಬುದು ನಮ್ಮ ವಿಷಯ. ಆದರೆ ಕಾಫಿಯಿಂದ ಹೊರಟರೆ ತಪ್ಪಿನ ಬೆಲೆ ಎಷ್ಟು ಎಂದು ರೂಪಾಯಿಯಲ್ಲೇ ಹೇಳಬಹುದು. ಯುದ್ಧದ ಸುದ್ದಿಯಲ್ಲಿ ಹಾಗೆ ಹೇಳಲಾಗುವುದಿಲ್ಲ.

ಬೇಕಾದರೆ ಬರೆದುಕೊಳ್ಳಿ. ಅರೇಬಿಕಾ ಜಾತಿಯ ಕಾಫಿಗೆ ನ್ಯೂಯಾರ್ಕ್ ಲೆಕ್ಕ, ಪೌಂಡಿಗೆ ಇಷ್ಟು ಸೆಂಟ್ ಎಂದು. ರೊಬಸ್ಟಾ ಜಾತಿಗೆ ಲಂಡನ್ ಲೆಕ್ಕ, ಟನ್ನಿಗೆ ಇಷ್ಟು ಡಾಲರ್ ಎಂದು. ನ್ಯೂಯಾರ್ಕ್ ದರ 300 ಸೆಂಟ್, ಡಾಲರ್ 90 ರೂಪಾಯಿ ಎಂದು ಇಟ್ಟುಕೊಳ್ಳೋಣ. ಒಂದು ಕಿಲೋಗೆ 2.2046 ಪೌಂಡ್. ಹಾಗಾಗಿ ಕಿಲೋಗೆ 6.61 ಡಾಲರ್, ಅಂದರೆ 595 ರೂಪಾಯಿ. ಇದು ಕ್ಯೂರಿಂಗ್ ಆದ, ಅಂದರೆ ಸಿಪ್ಪೆ ತೆಗೆದು ಹಸನು ಮಾಡಿದ ಕಾಫಿ ಬೀಜದ ದರ. 50 ಕಿಲೋ ಪಾರ್ಚ್‌ಮೆಂಟ್ (ಒಳಸಿಪ್ಪೆ ಇನ್ನೂ ಇರುವ ಕಾಫಿ) ಚೀಲದಲ್ಲಿ ಬೀಜ ಸುಮಾರು 40 ಕಿಲೋ. ಅಲ್ಲಿಗೆ ಚೀಲಕ್ಕೆ 23,800. ಇದರಲ್ಲಿ ಕ್ಯೂರಿಂಗ್, ಸಾಗಣೆ, ವರ್ತಕರ ಪಾಲು ಕಳೆಯಬೇಕು, ಗುಣಮಟ್ಟಕ್ಕೆ ತಕ್ಕ ಹೆಚ್ಚು-ಕಡಿಮೆ ಮಾಡಬೇಕು. ನೆನಪಿಟ್ಟುಕೊಳ್ಳಲು ಸುಲಭ ಸೂತ್ರ ಇದು: ನ್ಯೂಯಾರ್ಕ್‌ನಲ್ಲಿ ಒಂದು ಸೆಂಟ್ ಆಚೀಚೆ ಆದರೆ ಇಲ್ಲಿ ಚೀಲಕ್ಕೆ ಸುಮಾರು 80 ರೂಪಾಯಿ ಆಚೀಚೆ. ಡಾಲರ್ ಒಂದು ರೂಪಾಯಿ ಏರಿಳಿದರೆ ಚೀಲಕ್ಕೆ 264 ರೂಪಾಯಿ. ಬ್ರೆಜಿಲ್‌ನ ಚಳಿಯ ಸುದ್ದಿಗೆ ಕಿವಿ ನಿಮಿರಿಸುವವರು ರೂಪಾಯಿ ವಿನಿಮಯದ ಒಂದು ಸಾಲನ್ನು ಓದದೆ ದಾಟಿಸುತ್ತಾರೆ. ಲೆಕ್ಕದಲ್ಲಿ ಅದೇನೂ ಚಿಕ್ಕದಲ್ಲ.

ಇನ್ನು ‘ಪಾಯಿಂಟ್’. ನ್ಯೂಯಾರ್ಕ್ ಮಾರುಕಟ್ಟೆ ವರದಿಯಲ್ಲಿ 100 ಪಾಯಿಂಟ್ ಸೇರಿದರೆ ಒಂದು ಸೆಂಟ್. ನಮ್ಮಲ್ಲಿ ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) ಮಾರುವಾಗ ಓಟಿ (ಔಟ್‌ಟರ್ನ್) ಪಾಯಿಂಟ್ ಅಂದರೆ 50 ಕಿಲೋ ಚೆರ್ರಿಯಿಂದ ಹೊರಡುವ ಬೀಜದ ಒಂದೊಂದು ಕಿಲೋ. ಓಟಿ 27 ಅಂದರೆ 27 ಕಿಲೋ. ಎರಡೂ ‘ಪಾಯಿಂಟ್’ ಒಂದೇ ವಾಟ್ಸ್ಆ್ಯಪ್ ಸಂದೇಶದಲ್ಲಿ ಪಕ್ಕಪಕ್ಕ ಕೂತಿರುತ್ತವೆ. ‘200 ಪಾಯಿಂಟ್ ಜಿಗಿತ’ ಎಂದು ಬಂದದ್ದು ಬರೀ ಎರಡು ಸೆಂಟ್ ಆಗಿರಬಹುದು.

ಚೀಲವೂ ಅಷ್ಟೆ. ನಮ್ಮ ಚೀಲ 50 ಕಿಲೋ, ಬ್ರೆಜಿಲ್ ಮತ್ತು ಅಂತರರಾಷ್ಟ್ರೀಯ ಲೆಕ್ಕದ ಚೀಲ 60 ಕಿಲೋ. ‘ಬ್ರೆಜಿಲ್‌ನಲ್ಲಿ 6 ಕೋಟಿ ಚೀಲ ಬೆಳೆ’ ಎಂದು ಓದಿ ನಮ್ಮ ಚೀಲದಲ್ಲಿ ಲೆಕ್ಕ ಹಾಕಿದರೆ 30 ಲಕ್ಷ ಟನ್ ಬರುತ್ತದೆ. ನಿಜಕ್ಕೆ ಅದು 36 ಲಕ್ಷ ಟನ್. ನಡುವಿನ 6 ಲಕ್ಷ ಟನ್ ಇದೆಯಲ್ಲ, ಅದು ಇಡೀ ಭಾರತ ಒಂದು ವರ್ಷಕ್ಕೆ ಬೆಳೆಯುವ ಕಾಫಿಗಿಂತ ಹೆಚ್ಚು. ಒಂದು ಪದದ ಅನುವಾದ ಸರಿಯಾಗಿಯೇ ಇದೆ, ಬ್ಯಾಗ್ ಅಂದರೆ ಚೀಲವೇ. ಆದರೂ ಒಂದು ದೇಶದ ಫಸಲೇ ನಾಪತ್ತೆ.

ಈಗ ಸುಂಕಕ್ಕೆ ಬರೋಣ. ಸುಂಕ ನಮಗೆ ಹಳೆಯ ಪದ, ಶಾಸನಗಳಲ್ಲಿ ಇದೆ, ಊರಿನ ಹೆಸರುಗಳಲ್ಲಿ ಸುಂಕದಕಟ್ಟೆ ಇದೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯೂ ಇದೆ. ಆ ಗಾದೆಯಲ್ಲಿ ಸರಕು ಹೊತ್ತು ಬಂದವನೇ ಸುಂಕ ಕಟ್ಟುವವನು. ಆ ಹಳೆಯ ಚಿತ್ರ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ ‘ಅಮೆರಿಕ ಭಾರತದ ಮೇಲೆ ಸುಂಕ ಹೇರಿತು’ ಅಂದ ಕೂಡಲೇ ದುಡ್ಡು ಕಟ್ಟುವುದು ಭಾರತ ಎಂದು ಅನಿಸಿಬಿಡುತ್ತದೆ. ಆಗುವುದು ಹೀಗೆ: ಸರಕು ಅಮೆರಿಕದ ಬಂದರಿಗೆ ಇಳಿದಾಗ ಅಲ್ಲಿನ ಆಮದುದಾರ ತನ್ನ ಸರ್ಕಾರಕ್ಕೆ ಸುಂಕ ಕಟ್ಟುತ್ತಾನೆ. ಆಮೇಲೆ ಆ ಭಾರವನ್ನು ಯಾರ ತಲೆಗೆ ದಾಟಿಸುವುದು ಎಂಬ ಚೌಕಾಸಿ ನಡೆಯುತ್ತದೆ. ಅಲ್ಲಿನ ಗ್ರಾಹಕನಿಗೆ ಬೆಲೆ ಏರಿಸಬಹುದು, ತನ್ನ ಲಾಭ ಬಿಟ್ಟುಕೊಡಬಹುದು, ಇಲ್ಲಿನ ರಫ್ತುದಾರನಿಗೆ ‘ದರ ಇಳಿಸು’ ಅನ್ನಬಹುದು. ಅಮೆರಿಕ ತನಗೆ ಬೇಕಾದ ಕಾಫಿಯನ್ನು ತನ್ನ ನೆಲದಲ್ಲಿ ಬೆಳೆಯಲಾರದು. ಹವಾಯಿಯಲ್ಲಿ ಒಂದಿಷ್ಟು ಆಗುತ್ತದೆ, ಅಷ್ಟೆ. ಹಾಗಾಗಿ ಕಾಫಿಯ ಮೇಲಿನ ಸುಂಕ ಕೊನೆಗೆ ಅಲ್ಲಿನವರ ಲೋಟಕ್ಕೇ ಬಂತು. 2025ರ ನವೆಂಬರ್‌ನಲ್ಲಿ ಆ ಸರ್ಕಾರ ಕಾಫಿಯನ್ನು ಸುಂಕದ ಪಟ್ಟಿಯಿಂದ ಕೈಬಿಟ್ಟದ್ದಕ್ಕೆ ಮನೆಮಂದಿಯ ಖರ್ಚಿನ ಆ ಕೂಗು ಮುಖ್ಯ ಕಾರಣ.

ಅದೇ ವರ್ಷದ ಆಗಸ್ಟ್ ನೆನಪಿಸಿಕೊಳ್ಳಿ. ಭಾರತದ ಸರಕಿನ ಮೇಲೆ 7ನೇ ತಾರೀಕಿನಿಂದ ಶೇ 25, ರಷ್ಯಾದ ತೈಲ ಕೊಳ್ಳುತ್ತೀರಿ ಎಂಬ ಕಾರಣಕ್ಕೆ 27ರಿಂದ ಇನ್ನೂ ಶೇ 25. ಒಟ್ಟು ಶೇ 50. ಈಗ ಮೂರು ಸಾಲು ಕೇಳಿ. ‘ಸುಂಕ ಶೇ 50ಕ್ಕೆ ಏರಿಕೆ.’ ‘ಸುಂಕ ಶೇ 50ರಷ್ಟು ಏರಿಕೆ.’ ‘ಮತ್ತೆ ಶೇ 50 ಸುಂಕ.’ ಮೊದಲನೆಯದು ಸರಿ. ಎರಡನೆಯದರ ಪ್ರಕಾರ 25 ಇದ್ದದ್ದು 37.5 ಆಗಬೇಕು. ಮೂರನೆಯದರ ಪ್ರಕಾರ 75. ‘ಕ್ಕೆ’ ಮತ್ತು ‘ರಷ್ಟು’ ನಡುವೆ ಇಷ್ಟೆಲ್ಲ ಇದೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುವಾಗ ಇದು ಯಾತಕ್ಕೆ ಬರುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಇದಕ್ಕೆ ಬರುತ್ತದೆ.

ಬ್ರೆಜಿಲ್‌ಗೂ ಅದೇ ಆಗಸ್ಟ್‌ನಲ್ಲಿ ಶೇ 50 ಬಿತ್ತು. ಅಲ್ಲಿನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲಿನ ವಿಚಾರಣೆಯನ್ನು ಕಾರಣವಾಗಿ ತೋರಿಸಲಾಗಿತ್ತು. ನೋಡಿ, ನಾನೂ ‘ತೋರಿಸಲಾಗಿತ್ತು’ ಅಂದೆ. ಯಾರು ತೋರಿಸಿದ್ದು? ಅಮೆರಿಕದ ಅಧ್ಯಕ್ಷ ಟ್ರಂಪ್, ಬ್ರೆಜಿಲ್ ಅಧ್ಯಕ್ಷರಿಗೆ ಜುಲೈನಲ್ಲಿ ಬರೆದ ಪತ್ರದಲ್ಲಿ. ಕರ್ತೃವನ್ನು ನುಂಗುವ ಈ ಅಭ್ಯಾಸ ನಮಗೆಲ್ಲ ಅಂಟಿದೆ, ಮಾತಾಡುವವರಿಗೂ.

ಕರ್ತೃ ಅಂದ ಮೇಲೆ ಪಕ್ಕದ ಬೇಲೂರು ತಾಲ್ಲೂಕಿಗೆ ಒಂದು ಗಳಿಗೆ ಹೋಗಿಬರೋಣ. ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಎಂದು ಎಲ್ಲರಿಗೂ ಗೊತ್ತು. ಅದರಲ್ಲಿ ಇರುವುದೇನು? ಅಂದಿನ ಅಂತರರಾಜ್ಯ ಯುದ್ಧದ ಸುದ್ದಿ. ಕೇಕಯ-ಪಲ್ಲವರ ಮೇಲೆ ಕಾದಾಡಿ ಗೆದ್ದ ವಿಜಅರಸನಿಗೆ ಪಲ್ಮಡಿ, ಮೂಳಿವಳ್ಳಿ ಎಂಬ ಹಳ್ಳಿಗಳನ್ನು ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದ ಕೊಡುಗೆಯಾಗಿ ಕೊಟ್ಟರು ಎಂದು. ವಿಶೇಷಣಗಳೆಲ್ಲ ಉದ್ದುದ್ದ ಸಂಸ್ಕೃತ ಸಮಾಸಗಳು. ಕೆಲಸ ನಡೆಯುವ ಜಾಗಕ್ಕೆ ಬಂದಾಗ ಮಾತ್ರ ಅಚ್ಚ ಕನ್ನಡ: ‘ಕಾದೆಱಿದು’, ‘ಕೊಟ್ಟಾರ್’. ಯಾರು ಕಾದಿದ, ಯಾರ ಮೇಲೆ, ಏನು ಸಿಕ್ಕಿತು, ಎಲ್ಲ ಸ್ಪಷ್ಟ. ಅಲಂಕಾರ ಎರವಲು, ಕ್ರಿಯಾಪದ ಸ್ವಂತದ್ದು.

ಇಂದಿನ ಯುದ್ಧದ ಶೀರ್ಷಿಕೆಯಲ್ಲಿ ಕ್ರಿಯಾಪದವೇ ಇರುವುದಿಲ್ಲ. ‘ವೈಮಾನಿಕ ದಾಳಿಗೆ ಮೂವರು ಬಲಿ.’ ‘ಕೆಂಪು ಸಮುದ್ರದಲ್ಲಿ ಉದ್ವಿಗ್ನತೆ.’ ‘ಇರಾನ್‌ಗೆ ಎಚ್ಚರಿಕೆ.’ ಕಾರಣ ಕನ್ನಡದ ಕ್ರಿಯಾಪದದ ಸ್ವಭಾವದಲ್ಲೇ ಇದೆ. ‘ಕೊಂದ’ ಎಂದರೆ ಒಬ್ಬ ಗಂಡಸು, ‘ಕೊಂದಳು’ ಎಂದರೆ ಹೆಂಗಸು, ‘ಕೊಂದಿತು’ ಎಂದರೆ ಸೇನೆಯೋ ಸರ್ಕಾರವೋ, ‘ಕೊಂದರು’ ಎಂದರೆ ಹಲವರು. ಕರ್ತೃ ಯಾರೆಂದು ತೀರ್ಮಾನ ಮಾಡದೆ ನಮ್ಮ ಕ್ರಿಯಾಪದ ಬಾಯಿ ಬಿಡುವುದಿಲ್ಲ. ಇಂಗ್ಲಿಷಿನ ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಆರಾಮಾಗಿ ಬಿಡಬಹುದು. ನಮ್ಮಲ್ಲಿ ‘ಕೊಲ್ಲಲ್ಪಟ್ಟರು’ ಎಂದು ಬರೆದರೆ ವ್ಯಾಕರಣದ ಪುಸ್ತಕ ಓದಿದ ಹಾಗಿರುತ್ತದೆ. ಹಾಗಾಗಿ ಡೆಸ್ಕಿನಲ್ಲಿ ಕೂತವರು ಕ್ರಿಯಾಪದವನ್ನೇ ತೆಗೆದು ನಾಮಪದದಲ್ಲಿ ಸಾಲು ಮುಗಿಸುತ್ತಾರೆ: ಬಲಿ, ಸಾವು, ಏರಿಕೆ, ಎಚ್ಚರಿಕೆ. ಸಾಲೂ ಚಿಕ್ಕದಾಯಿತು, ತಂಟೆಯೂ ತಪ್ಪಿತು. ಉದ್ವಿಗ್ನತೆ ಕ್ಷಿಪಣಿ ಹಾರಿಸುವುದಿಲ್ಲ ಸ್ವಾಮಿ, ಯಾರೋ ಹಾರಿಸುತ್ತಾರೆ.

‘ಸಾವನ್ನಪ್ಪಿದರು’ ಎಂಬುದಂತೂ ನನಗೆ ಒಪ್ಪಿಗೆಯೇ ಇಲ್ಲ. ಸಾವನ್ನು ಅಪ್ಪುವುದು ಎಂದರೆ ಮನಸಾರೆ ತಬ್ಬಿಕೊಳ್ಳುವುದು. ಮಲಗಿದ್ದ ಮನೆಯ ಮೇಲೆ ಬಾಂಬು ಬಿದ್ದವರು ಏನನ್ನೂ ಅಪ್ಪಲಿಲ್ಲ. ಸತ್ತರು ಎಂದರೆ ಸಾಕು, ಯಾರು ಕೊಂದರೆಂದು ಗೊತ್ತಿದ್ದರೆ ‘ಇಂಥವರು ಕೊಂದರು’ ಅನ್ನಬಹುದು. ಇದರ ಜೊತೆಗೆ ಬೇರೆ ಬೇರೆ ಸಾವಿಗೆ ಬೇರೆ ಬೇರೆ ಪದ ಇಟ್ಟುಕೊಂಡಿದ್ದೇವೆ. ನಮ್ಮ ಕಡೆಯವರಾದರೆ ಹುತಾತ್ಮ, ನಡುವಿನವರಾದರೆ ಬಲಿ, ಎದುರಿನವರಾದರೆ ಹತ, ತೀರಾ ಆಗದವರಾದರೆ ಫಿನಿಶ್. ಯಾವ ದೇಶದ ಸತ್ತವರಿಗೆ ಯಾವ ಪದ ಬಿದ್ದಿದೆ ಎಂದು ಒಂದು ವಾರ ಗುರುತು ಹಾಕಿಕೊಂಡು ನೋಡಿ. ಸಂಪಾದಕೀಯ ಓದದೆಯೇ ಆ ಪತ್ರಿಕೆ ಅಥವಾ ಚಾನೆಲ್‌ನ ವಿದೇಶಾಂಗ ನೀತಿ ತಿಳಿಯುತ್ತದೆ.

‘ಉಗ್ರ’ ಎಂಬ ಪದವೂ ಜಾಗ ಉಳಿಸುವ ಪದ. ಎರಡೇ ಅಕ್ಷರ. ‘ಬಂಡುಕೋರ’ ನಾಲ್ಕು, ‘ಭಯೋತ್ಪಾದಕ’ ಐದು. ಬಿಬಿಸಿಯಂಥ ಸಂಸ್ಥೆ ‘ಟೆರರಿಸ್ಟ್’ ಎಂಬ ಪದವನ್ನು ತಾನಾಗಿ ಬಳಸದೆ, ಯಾರಾದರೂ ಹಾಗೆ ಕರೆದರೆ ಅವರ ಹೆಸರು ಹೇಳಿ ಬಳಸುತ್ತದೆ. ಇದಕ್ಕೆ ಅದನ್ನು ಬೈಯುವವರೂ ಬಹಳ ಇದ್ದಾರೆ, ಅದು ಬೇರೆ ಚರ್ಚೆ. ‘ಮಿಲಿಟೆಂಟ್’ ಎಂದು ಎಚ್ಚರದಿಂದ ಆರಿಸಿದ ಪದ ಕನ್ನಡಕ್ಕೆ ಬಂದು ‘ಉಗ್ರ’ ಆಗುವಾಗ ತೀರ್ಪೊಂದು ಸೇರಿಕೊಳ್ಳುತ್ತದೆ. ಎಷ್ಟೋ ಸಲ ಅದು ನೀತಿಯಿಂದ ಸೇರಿದ್ದಲ್ಲ, ಕಾಲಮ್ಮಿನ ಅಗಲದಿಂದ ಸೇರಿದ್ದು.

ಕೆಂಪು ಸಮುದ್ರದ ಮಾತು ಬಂತು. ಬಾಬಾಬುಡನ್ ಅವರು ಏಳು ಕಾಫಿ ಬೀಜ ತಂದರು ಎಂದು ಐತಿಹ್ಯ ಹೇಳುವುದು ಯೆಮೆನ್‌ನ ಮೋಖಾ ಬಂದರಿನಿಂದ. ಆ ಬಂದರು ಅದೇ ಕೆಂಪು ಸಮುದ್ರದ ಬಾಯಲ್ಲಿದೆ. ಅರಬ್ಬಿಯಲ್ಲಿ ಅದು ಮಖಾ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿಕೊಂಡು ಅಂಗಡಿ ಬೋರ್ಡಿನಲ್ಲಿ ‘ಮೋಚಾ’ ಎಂದು ಬರೆಯುತ್ತೇವೆ. ಕಾಫಿ ಮೊದಲು ಬಂದ ಜಿಲ್ಲೆಯಲ್ಲೇ ಆ ಊರಿನ ಹೆಸರು ಹೀಗಾಗಿದೆ. ಯೆಮೆನ್‌ನ ಸಶಸ್ತ್ರ ಗುಂಪಿನ ಹೆಸರು ‘ಹೌತಿ’ಯೂ ಅದೇ ದಾರಿಯಲ್ಲಿ ಬಂದದ್ದು. ಅರಬ್ಬಿಯ ದನಿ ‘ಹೂಥಿ’. ಇಂಗ್ಲಿಷಿನ ‘ಓಯು’ ಎರಡಕ್ಷರವನ್ನು ‘ಔ’ ಎಂದು ಓದಿ ‘ಹೌತಿ’ ಆಯಿತು. 2014ರಲ್ಲಿ ದೂರದರ್ಶನದ ಒಂದು ಬುಲೆಟಿನ್‌ನಲ್ಲಿ ಚೀನಾ ಅಧ್ಯಕ್ಷರ ಹೆಸರಿನ ‘ಎಕ್ಸ್‌ಐ’ ಅನ್ನು ರೋಮನ್ ಅಂಕಿ ಎಂದು ತಿಳಿದು ‘ಇಲೆವೆನ್ ಜಿನ್‌ಪಿಂಗ್’ ಎಂದು ಓದಿದ್ದು ನಿಮಗೆ ನೆನಪಿರಬಹುದು. ನಗುವುದು ಬೇಡ, ನಾವು ನಿತ್ಯ ಮಾಡುವುದೂ ಅದನ್ನೇ. ಕನ್ನಡ ಲಿಪಿಗೆ ಇಂಥ ಎಷ್ಟೋ ದನಿಗಳನ್ನು ಹಿಡಿಯುವ ಶಕ್ತಿ ಇದೆ, ನಾವು ಇಂಗ್ಲಿಷಿನ ಕಾಗುಣಿತದ ಕಿಂಡಿಯಿಂದ ಇಣುಕಿ ಬರೆಯುತ್ತೇವೆ.

ಹೆಸರಿಗೆ ರಾಜಕೀಯ ಇಲ್ಲ ಅಂದುಕೊಳ್ಳಬೇಡಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ‘ಚಿಕ್‌ಮಗಳೂರ್’ ಹೋಗಿ ‘ಚಿಕ್ಕಮಗಳೂರು’ ಬಂತು. ಈ ಊರಿನ ಮಟ್ಟಿಗೆ ಕನ್ನಡದಲ್ಲಿ ಏನೂ ಬದಲಾಗಲಿಲ್ಲ, ಮೊದಲಿಂದ ಇದ್ದದ್ದೇ ಅದು. ಉಕ್ರೇನ್‌ನವರು ತಮ್ಮ ರಾಜಧಾನಿಯನ್ನು ರಷ್ಯನ್ ಉಚ್ಚಾರದ ‘ಕಿಯೆವ್’ ಅನ್ನಬೇಡಿ, ‘ಕೀವ್’ ಅನ್ನಿ ಎಂದು ಕೇಳುವುದೂ ಇಂಥದ್ದೇ ಕೋರಿಕೆ, ಅದರ ಹಿಂದೆ ಯುದ್ಧ ಇದೆ ಅಷ್ಟೆ.

ಅದೇ ಸಮುದ್ರದ ಇನ್ನೊಂದು ಉದಾಹರಣೆ. 2023ರ ನವೆಂಬರ್ 19ರಂದು ಹೂಥಿಗಳು ‘ಗ್ಯಾಲಕ್ಸಿ ಲೀಡರ್’ ಎಂಬ ಹಡಗನ್ನು ವಶಪಡಿಸಿಕೊಂಡರು. ಅದು ಯಾರ ಹಡಗು? ಹಿಡಿದವರು ‘ಇಸ್ರೇಲ್‌ನ ಹಡಗು’ ಎಂದರು. ಇಸ್ರೇಲ್ ‘ನಮ್ಮದಲ್ಲ’ ಎಂದಿತು. ಬಾವುಟ ಬಹಾಮಾಸ್‌ನದು. ನಡೆಸುತ್ತಿದ್ದದ್ದು ಜಪಾನ್ ಕಂಪನಿ. ಮಾಲೀಕತ್ವದ ಎಳೆ ಹಿಡಿದು ಹೋದರೆ ಇಸ್ರೇಲಿನ ಒಬ್ಬ ಉದ್ಯಮಿಯ ನಂಟು. ಒಳಗಿದ್ದ 25 ಸಿಬ್ಬಂದಿ ಫಿಲಿಪ್ಪೀನ್ಸ್, ಬಲ್ಗೇರಿಯಾ, ಉಕ್ರೇನ್, ರೊಮೇನಿಯಾ, ಮೆಕ್ಸಿಕೊದವರು. ಹೊರಟಿದ್ದು ಭಾರತದ ಕಡೆಗೆ. ನಮ್ಮ ಷಷ್ಠಿ ವಿಭಕ್ತಿಯ ‘ನ’ ಇದೆಲ್ಲವನ್ನೂ ಒಂದೇ ಅಕ್ಷರದಲ್ಲಿ ನುಂಗುತ್ತದೆ. ‘ಇಸ್ರೇಲ್‌ನ ಹಡಗು’ ಅಂದರೆ ಬಾವುಟವೋ, ಮಾಲೀಕನೋ, ಚಾಲಕನೋ? ಸುದ್ದಿಯಲ್ಲಿ ದೇಶದ ಹೆಸರಿಗೆ ‘ನ’ ಅಂಟಿದ್ದರೆ ಒಂದು ಕ್ಷಣ ನಿಂತು, ಯಾವ ಲೆಕ್ಕದಲ್ಲಿ ‘ನ’ ಎಂದು ಕೇಳಿಕೊಳ್ಳಿ. ಕೆಂಪು ಸಮುದ್ರದ ಈ ಗಲಾಟೆಯ ಪರಿಣಾಮ ನಮ್ಮ ಕಣದವರೆಗೂ ಬಂತು. ಭಾರತದ ಕಾಫಿಗೆ ದೊಡ್ಡ ಗಿರಾಕಿ ಇಟಲಿ. ಸೂಯೆಜ್ ದಾರಿ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗುವ ಹಡಗಿಗೆ ಹತ್ತು-ಹದಿನಾಲ್ಕು ದಿನ ಹೆಚ್ಚು ಬೇಕು. ಅಷ್ಟು ದಿನದ ಬಾಡಿಗೆ, ವಿಮೆ, ಬಡ್ಡಿ ಎಲ್ಲ ಯಾರದೋ ತಲೆಗೆ ಬೀಳಬೇಕಲ್ಲ.

ಒಂದು ಪುಟ್ಟ ಪದ ಇಲ್ಲದಿರುವುದರಿಂದ ಆಗುವ ತೊಡಕೂ ಇದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242ನೇ ನಿರ್ಣಯ, 1967ರ ನವೆಂಬರ್. ಇಸ್ರೇಲ್ ಆಕ್ರಮಿಸಿದ ಪ್ರದೇಶಗಳಿಂದ ಹಿಂದೆ ಸರಿಯಬೇಕು ಎಂಬ ಸಾಲು. ಇಂಗ್ಲಿಷ್ ಪಾಠದಲ್ಲಿ ‘ಪ್ರದೇಶಗಳು’ ಎಂಬುದರ ಮುಂದೆ ‘ದಿ’ ಇಲ್ಲ, ಹಾಗಾಗಿ ಎಲ್ಲ ಪ್ರದೇಶಗಳಿಂದ ಎಂದು ಅರ್ಥವಲ್ಲ ಎಂದು ಒಂದು ಕಡೆಯವರು. ಫ್ರೆಂಚ್ ಪಾಠ ಓದಿದರೆ ಆಕ್ರಮಿಸಿದ ಆ ಪ್ರದೇಶಗಳಿಂದ ಎಂದೇ ಅರ್ಥ ಬರುತ್ತದೆ ಎಂದು ಇನ್ನೊಂದು ಕಡೆಯವರು. ಅರ್ಧ ಶತಮಾನ ದಾಟಿದರೂ ಜಗಳ ಮುಗಿದಿಲ್ಲ. ಕನ್ನಡದಲ್ಲಿ ‘ದಿ’ ಎಂಬುದೇ ಇಲ್ಲವಲ್ಲ, ‘ಆಕ್ರಮಿತ ಪ್ರದೇಶಗಳಿಂದ’ ಅಂದುಬಿಟ್ಟರೆ ಜಗಳ ಯಾವುದಕ್ಕೆ ಎಂಬುದೇ ಕಾಣುವುದಿಲ್ಲ.

ಹಾಗಂತ ಕನ್ನಡ ಬಡವೆ? ಇಲ್ಲ. ಇಂಗ್ಲಿಷಿಗೆ ಇಲ್ಲದ ಒಂದು ಸಾಮಾನು ನಮ್ಮ ಹತ್ತಿರ ಇದೆ: ‘ಅಂತೆ’. ‘ಬ್ರೆಜಿಲ್‌ನಲ್ಲಿ ಚಳಿ ಬಿತ್ತು’ ಅಂದರೆ ಹೇಳುವವನು ಹೊಣೆ ಹೊತ್ತ. ‘ಬಿತ್ತಂತೆ’ ಅಂದರೆ ಕೇಳಿದ್ದನ್ನು ದಾಟಿಸಿದ, ಹೊಣೆ ಇಲ್ಲ. ಕೇಳಿದವರು ತಕ್ಷಣ ‘ಯಾರು ಹೇಳಿದ್ದು?’ ಅನ್ನುತ್ತಾರೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ನಾವು ಇಷ್ಟು ಚುರುಕು. ಅಚ್ಚಾದ ಕನ್ನಡಕ್ಕೆ ಬಂದ ಕೂಡಲೇ ‘ಅಂತೆ’ ಹಳ್ಳಿಮಾತು ಎಂದು ಕೈಬಿಟ್ಟು ‘ಎನ್ನಲಾಗಿದೆ’ ಎಂದು ಬರೆಯುತ್ತೇವೆ. ‘ಎನ್ನಲಾಗಿದೆ’ ಕೇಳಿಸುವುದು ಸರ್ಕಾರಿ ಆದೇಶದ ಹಾಗೆ. ಇರುವುದು ಬರೀ ಅಂತೆ-ಕಂತೆ. ಯಾವ ಸುದ್ದಿಯೇ ಬರಲಿ, ಕೊನೆಯ ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ತೆಗೆದು ‘ಅಂತೆ’ ಹಚ್ಚಿ ಜೋರಾಗಿ ಓದಿ. ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂದು ಕಿವಿಯೇ ಹೇಳುತ್ತದೆ.

‘ಹೇಳಿದೆ’ ಎಂಬುದರ ಬದಲಿಗೆ ಬರುವ ಪದಗಳ ಮೇಲೂ ಕಣ್ಣಿಡಿ. ಒಂದು ದೇಶ ‘ಬಹಿರಂಗಪಡಿಸಿತು’ ಅಂದರೆ ಹೇಳಿದ್ದು ನಿಜ ಎಂದು ನಾವೇ ಮುದ್ರೆ ಒತ್ತಿದಂತೆ. ‘ಒಪ್ಪಿಕೊಂಡಿತು’ ಅಂದರೆ ತಪ್ಪು ಮಾಡಿತ್ತು ಎಂದಂತೆ. ‘ಹೇಳಿಕೊಂಡಿದೆ’ ಅಂದರೆ ನಂಬಬೇಡಿ ಎಂದು ಕಣ್ಣು ಮಿಟುಕಿಸಿದಂತೆ.

ಸುದ್ದಿಯ ಮೊದಲ ಸಾಲಿನಲ್ಲಿ ಊರಿನ ಹೆಸರು, ಪಕ್ಕದಲ್ಲಿ ಎಎಫ್‌ಪಿ, ರಾಯಿಟರ್ಸ್, ಎಪಿ ಅಥವಾ ಪಿಟಿಐ ಎಂದು ಸುದ್ದಿಸಂಸ್ಥೆಯ ಹೆಸರು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಯೆಮೆನ್‌ನ ಸುದ್ದಿಗೆ ‘ದುಬೈ’ ಎಂದಿದ್ದರೆ ವರದಿ ಸಿದ್ಧವಾದದ್ದು ದುಬೈನಲ್ಲಿ, ಗಡಿಯಾಚೆಯಿಂದ, ಫೋನು ಮತ್ತು ವಿಡಿಯೊ ನೋಡಿ. ಅದೇನು ಅಪರಾಧವಲ್ಲ, ಒಳಗೆ ಬಿಡದಿದ್ದರೆ ಅವರು ತಾನೆ ಏನು ಮಾಡಬೇಕು? ಆದರೆ ಕಣ್ಣಾರೆ ಕಂಡದ್ದು ಎಂದು ಓದಬೇಡಿ. ವಾಟ್ಸ್ಆ್ಯಪ್‌ನಲ್ಲಿ ಆ ಸಾಲೇ ಇರುವುದಿಲ್ಲ. ಅಲ್ಲಿ ಜೋಡಿ ಬಾಣದ ಗುರುತು ಇದ್ದರೆ ಸಂದೇಶ ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ, ಅಂಥದ್ದನ್ನು ಒಮ್ಮೆಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳಿಸಬಹುದು. ಕಾಫಿ ದರದ ಸಂದೇಶವಾದರೆ ಇನ್ನೊಂದು ಪರೀಕ್ಷೆ: ನ್ಯೂಯಾರ್ಕ್ ಮಾರುಕಟ್ಟೆ ಮುಚ್ಚುವುದು ನಮ್ಮ ರಾತ್ರಿ 11ಕ್ಕೆ, ಅವರ ಚಳಿಗಾಲದಲ್ಲಿ 12ಕ್ಕೆ. ಸಂಜೆ ಐದಕ್ಕೆ ‘ಇವತ್ತಿನ ಕ್ಲೋಸಿಂಗ್’ ಎಂದು ಬಂದರೆ ಅದು ನಿನ್ನೆಯದು.

ಉಲ್ಟಾ ದಾರಿಯಲ್ಲೂ ಪದಗಳು ಕೆಡುತ್ತವೆ. ಹಾಸನ ಜಿಲ್ಲೆಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. ನಾವು ‘ಮಣ್ಣಿನ ಮಗ’ ಅಂದೆವು. ನಮ್ಮ ಕಿವಿಗೆ ಅದು ರೈತ, ನೇಗಿಲು, ಹೊಲ. ಇಂಗ್ಲಿಷಿಗೆ ‘ಸನ್ ಆಫ್ ದಿ ಸಾಯಿಲ್’ ಎಂದು ಹೋಯಿತು. ಭಾರತದ ರಾಜಕೀಯದ ಇಂಗ್ಲಿಷಿನಲ್ಲಿ ಅದಕ್ಕೆ ಆಗಲೇ ಬೇರೆ ಅರ್ಥ ಇತ್ತು: ಹೊರಗಿನವರು ಬೇಡ, ಈ ನೆಲದವರಿಗೇ ಕೆಲಸ ಎನ್ನುವ ರಾಜಕಾರಣ. ಪದಕ್ಕೆ ಪದ ಸರಿ, ಮನುಷ್ಯ ಬೇರೆ.

ಕೊನೆಗೆ ‘ಅರಣ್ಯ’. ಸಭೆಯಲ್ಲಿ ಒಬ್ಬರು ಕೇಳಿದ್ದೂ ಇದನ್ನೇ: ಯುರೋಪಿಗೆ ಕಾಫಿ ಕಳಿಸಬೇಕಾದರೆ ತೋಟ ಕಾಡಲ್ಲ ಎಂದು ಸಾಬೀತು ಮಾಡಬೇಕಂತೆ, ನಿಜವೆ ಎಂದು. ‘ಅಂತೆ’ ಎಂದು ಸೇರಿಸಿಯೇ ಕೇಳಿದರು, ಸಂತೋಷ. ಇದು ಯುರೋಪ್ ಒಕ್ಕೂಟದ 2023ರ ಅರಣ್ಯನಾಶ ನಿಯಮ. ಎರಡು ಬಾರಿ ಮುಂದೆ ಹೋಗಿ, ದೊಡ್ಡ ವ್ಯಾಪಾರಿಗಳಿಗೆ 2026ರ ಡಿಸೆಂಬರ್ 30 ಎಂದು ನಿಂತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ‘ಅರಣ್ಯ’ ಎಂಬ ಪದ ಕೇಳಿದರೆ ನಮ್ಮ ಈ ಕಾಫಿ ಸೀಮೆಯಲ್ಲಿ ಎದೆ ಧಸಕ್ಕೆನ್ನುವುದು ಸಹಜ. ನಮ್ಮ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಅರಣ್ಯ ಎಂಬುದನ್ನು ನಿಘಂಟಿನ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎಂದಿತು. ಡೀಮ್ಡ್ ಫಾರೆಸ್ಟಿನ, ಅಂದರೆ ಅರಣ್ಯವೆಂದು ಘೋಷಿಸದಿದ್ದರೂ ಅರಣ್ಯವೆಂದೇ ಪರಿಗಣಿಸುವ ಜಮೀನಿನ ತಕರಾರೆಲ್ಲ ಹುಟ್ಟಿದ್ದು ಆ ಮಾತಿನಿಂದ. ಯುರೋಪಿನವರದು ನಿಘಂಟಿನ ಅರ್ಥವಲ್ಲ, ಅಳತೆಯ ಅರ್ಥ. ಅರ್ಧ ಹೆಕ್ಟೇರ್‌ಗಿಂತ ಹೆಚ್ಚು ಜಾಗ, 5 ಮೀಟರ್‌ಗಿಂತ ಎತ್ತರದ ಮರ, ನೆಲದ ಶೇ 10ಕ್ಕಿಂತ ಹೆಚ್ಚು ಭಾಗಕ್ಕೆ ನೆರಳು. ಆದರೆ ಪ್ರಧಾನವಾಗಿ ಕೃಷಿಗೆ ಬಳಸುವ ಜಮೀನು ಇದರಲ್ಲಿ ಸೇರದು, ಮರದ ನೆರಳಿನಲ್ಲಿ ಬೆಳೆ ತೆಗೆಯುವ ಪದ್ಧತಿಯೂ ಕೃಷಿಯೇ ಎಂದು ಅದರಲ್ಲೇ ಬರೆದಿದೆ. ಹಾಗಾಗಿ ಸಿಲ್ವರ್ ಓಕ್, ಹಲಸು, ಅತ್ತಿಯ ಕೆಳಗಿನ ನಿಮ್ಮ ಹಳೆಯ ತೋಟ ಅವರ ಲೆಕ್ಕದಲ್ಲಿ ಕಾಡಲ್ಲ. ತೊಡಕಿರುವುದು ಉಪಗ್ರಹದ ಚಿತ್ರದಲ್ಲಿ. ಮೇಲಿನಿಂದ ನೋಡಿದರೆ ಅದಕ್ಕೆ ಮರದ ತಲೆ ಮಾತ್ರ ಕಾಣುತ್ತದೆ, ಅಡಿಯ ಕಾಫಿ ಕಾಣದು.

ಅದಕ್ಕೇ ಜಾಗದ ಗುರುತು ಸರಿಯಾಗಿ ಕೊಡಬೇಕು. ಪಹಣಿಯ ಸರ್ವೆ ನಂಬರ್ ಸಾಲದು, ಅಕ್ಷಾಂಶ-ರೇಖಾಂಶ ಬೇಕು, ದಶಮಾಂಶದ ನಂತರ ಆರು ಅಂಕಿ. 4 ಹೆಕ್ಟೇರ್‌ವರೆಗೆ, ಅಂದರೆ ಹತ್ತು ಎಕರೆಗೆ ಸ್ವಲ್ಪ ಕಡಿಮೆ ಇದ್ದರೆ, ತೋಟದೊಳಗಿನ ಒಂದು ಬಿಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ಬೇಲಿಯ ಉದ್ದಕ್ಕೂ ನಡೆದು ಮೂಲೆ ಮೂಲೆಯ ಬಿಂದು ತೆಗೆಯಬೇಕು. ದಟ್ಟ ನೆರಳಿನ ಅಡಿ ಫೋನಿನ ಜಿಪಿಎಸ್ ಹಲವು ಮೀಟರ್ ಆಚೀಚೆ ಓಡಾಡುತ್ತದೆ, ಬಿಂದು ಪಕ್ಕದವರ ತೋಟದಲ್ಲೋ ಹಿಂದಿನ ಮೀಸಲು ಅರಣ್ಯದಲ್ಲೋ ಹೋಗಿ ಕೂರಬಹುದು. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ, ಮುಗಿದು ಆಕಾಶ ಕಾಣುವ ಹೊತ್ತಿನಲ್ಲಿ ಹೋಗಿ, ಪ್ರತಿ ಮೂಲೆಯಲ್ಲೂ ಅಂಕಿ ಓಡಾಡುವುದು ನಿಲ್ಲುವವರೆಗೆ ನಿಂತು, ಆಮೇಲೆ ಬರೆದುಕೊಳ್ಳಿ.